ಬಿಲ್ಲೆಯ ವರ್ಷ, ಅಂಕಿಯ ವರ್ಷ

ಹಳೆಯ ಸಿಂಗರ್ ಹೊಲಿಗೆ ಯಂತ್ರದ ಕಾಲವನ್ನು ತಪ್ಪಾಗಿ ಓದುವುದಕ್ಕೆ ಅದರ ಕಂಬಕ್ಕೆ ಬಡಿದ ಹಿತ್ತಾಳೆಯ ಬಿಲ್ಲೆಯೇ ಅನೇಕ ಸಲ ಕಾರಣವಾಗುತ್ತದೆ. ಕೆಲವು ಬಿಲ್ಲೆಗಳ ಅಂಚಿನಲ್ಲಿ 1851–1951 ಎಂದಿರುವುದನ್ನು ಕಂಡು ಯಂತ್ರವೇ 1851ರದ್ದೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ಅಮೆರಿಕದಲ್ಲಿ ಹುಟ್ಟಿದ ಆ ಕಂಪನಿಯ ಶತಮಾನೋತ್ಸವದ ಗುರುತಾಗಿದ್ದು, ಅದನ್ನು ಹೊತ್ತ ಯಂತ್ರ 1951ರ ಆಸುಪಾಸಿನದು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯಲ್ಲಿ ಹೊಲಿಗೆಯ ಕಸುಬು ಯಂತ್ರಕ್ಕಿಂತ ಬಹಳ ಹಳೆಯದು. ಸಿಂಪಿಗರು, ಅಂದರೆ ಬಟ್ಟೆ ಹೊಲಿಯುವ ಕುಲವೃತ್ತಿಯವರು, ಸೂಜಿಯಿಂದಲೇ ಅಂಗಿ ಕುಪ್ಪಸಗಳನ್ನು ಹೊಲಿಯುತ್ತಿದ್ದರು. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರೂ ಇದೆ. ಸಿಂಗರ್ ಯಂತ್ರದ ಮಾರಾಟ ಭಾರತದಲ್ಲಿ ನೆಲೆಯೂರಿದ್ದು 1870ರ ದಶಕದಲ್ಲಿ, ಮುಂಬಯಿಯ ಪಾರ್ಸಿ ವ್ಯಾಪಾರಿ ಎನ್. ಎಂ. ಪಟೇಲರ ಮೂಲಕ. ಮುಂದಿನ ದಶಕದಲ್ಲಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಈ ಮೂರೂ ಊರುಗಳನ್ನು ಹಾದುಹೋಯಿತು. 1956ರವರೆಗೂ ಇವು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯವಾಗಿದ್ದುದರಿಂದ, ಯಂತ್ರದ ಮೇಲೆ ಮುಂಬಯಿಯ ಮಾರಾಟಗಾರನ ಹೆಸರಿದ್ದರೆ ಅದು ಸೋಜಿಗವಲ್ಲ. ಯಂತ್ರೋದ್ಯಮವನ್ನು ಟೀಕಿಸಿದ ಗಾಂಧೀಜಿಯೂ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ದಂಡಿಯಾತ್ರೆಯಲ್ಲಿ ಅವರೊಡನೆ ನಡೆದ ಮೈಲಾರ ಮಹಾದೇವಪ್ಪನವರ ಊರಾದ ಮೋಟೆಬೆನ್ನೂರು ಬ್ಯಾಡಗಿ ತಾಲ್ಲೂಕಿನಲ್ಲೇ ಇರುವುದರಿಂದ ಈ ಮಾತು ಇಲ್ಲಿ ನೆನಪಿಗೆ ಬರುವುದು ಸಹಜ.

ಕಾಲನಿರ್ಣಯಕ್ಕೆ ಮುಖ್ಯ ಆಧಾರ ತಳಪಾಟಿಯ ಬಲಬದಿಯಲ್ಲಿ, ಕಂಬದ ಬುಡದ ಹತ್ತಿರ ಒತ್ತಿರುವ ಕ್ರಮಸಂಖ್ಯೆ. 1900ಕ್ಕೆ ಮೊದಲಿನ ಸಂಖ್ಯೆಗಳಲ್ಲಿ ಅಂಕಿಗಳಷ್ಟೇ ಇರುತ್ತವೆ; ಅನಂತರದವುಗಳಲ್ಲಿ ಅಂಕಿಯ ಮುಂದೆ ಅಕ್ಷರ ಬರುತ್ತದೆ, ಮತ್ತು ಆ ಅಕ್ಷರವೇ ಕಾರ್ಖಾನೆಯನ್ನೂ ಕಾಲವನ್ನೂ ತಿಳಿಸುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಪಟ್ಟಣದ ಕಿಲ್ಬೋವಿ ಕಾರ್ಖಾನೆಯಲ್ಲಿ 1910ರಿಂದ ಸುಮಾರು 1921ರವರೆಗೆ ಎಫ್, ಅಲ್ಲಿಂದ 1935ರವರೆಗೆ ವೈ, ಆಮೇಲೆ ಇಎ ಮೊದಲಾದ ಜೋಡಿ ಅಕ್ಷರಗಳು ಬಳಕೆಯಲ್ಲಿದ್ದವು. 28ಕೆ, 66ಕೆ ಮುಂತಾದ ಮಾದರಿಯ ಹೆಸರುಗಳ ಕೊನೆಯ ಕೆ ಕಿಲ್ಬೋವಿಯ ಸೂಚಕ. ಆದರೆ ಸಂಖ್ಯೆಗಳನ್ನು ಕಂತೆಗಟ್ಟಲೆ ಮೊದಲೇ ಹಂಚಿಡುತ್ತಿದ್ದುದರಿಂದ ಕ್ರಮಸಂಖ್ಯೆಗಳ ಪಟ್ಟಿಯಲ್ಲಿ ಸಿಗುವ ದಿನಾಂಕ ಹಂಚಿಕೆಯದು. ಯಂತ್ರ ಸಿದ್ಧವಾದದ್ದು ಕೆಲವು ತಿಂಗಳ ಬಳಿಕವಾಗಿರಬಹುದು, ಮನೆ ಸೇರಿದ್ದು ಹಲವು ವರ್ಷಗಳ ಬಳಿಕವೂ ಆಗಿರಬಹುದು.

ಒಳಗಿನ ಲಾಳಿ, ಅಂದರೆ ಕೆಳನೂಲನ್ನು ಹೊತ್ತು ಸಾಗುವ ಭಾಗ, ಉದ್ದನೆಯ ಆಕಾರದಲ್ಲಿದ್ದರೆ ಯಂತ್ರ ಹತ್ತೊಂಬತ್ತನೆಯ ಶತಮಾನದ್ದೆಂದು ಹೇಳಿಬಿಡುವುದು ಅವಸರದ ತೀರ್ಮಾನ. ದುಂಡು ಬಾಬಿನ್‌ನ ಯಂತ್ರಗಳು ಬಂದ ಮೇಲೂ ಅಂಥವು ಇಪ್ಪತ್ತನೆಯ ಶತಮಾನದ ನಡುವಿನವರೆಗೆ ತಯಾರಾಗುತ್ತಲೇ ಇದ್ದವು. ಯಂತ್ರದ ಮೇಲೆ ಸಿಂಗರ್ ಬದಲು ಉಷಾ ಎಂಬ ಹೆಸರಿದ್ದರೆ ಮಾತ್ರ ಗೊಂದಲವಿಲ್ಲ: ಅದು ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನದು, 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಮನೆಗೆ ಬಂದ ವರ್ಷವನ್ನು ಹುಡುಕಬೇಕಾದದ್ದು ಯಂತ್ರದಲ್ಲಲ್ಲ, ಕಾಗದಗಳಲ್ಲಿ. ಸಿಂಗರ್ ಕಂಪನಿ ಕಂತಿನ ಮೇಲೆ ಮಾರುತ್ತಿದ್ದುದರಿಂದ ಯಂತ್ರದ ಖಾನೆಯಲ್ಲಿ ಪಾವತಿ ಚೀಟಿ ಉಳಿದಿರುವ ಸಾಧ್ಯತೆಯುಂಟು. ವ್ಯಾಪಾರಸ್ಥರ ಮನೆಗಳಲ್ಲಿ ಹಳೆಯ ಕಿರ್ದಿ ಪುಸ್ತಕ, ಅಂದರೆ ದಿನದ ಜಮಾಖರ್ಚಿನ ದಾಖಲೆ, ಇನ್ನೂ ಉತ್ತಮ ಸಾಕ್ಷಿ. ಅಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ, ಅದು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಕ್ರಮಸಂಖ್ಯೆಯೊಡನೆ ಕೂಡಿಸಿ ಓದಬೇಕಾಗುತ್ತದೆ. ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗಳಲ್ಲಿ ಆರಂಭವಾಯಿತು; ಎಫ್ ಅಕ್ಷರದ ಯಂತ್ರಕ್ಕೆ ಮೊದಲನೆಯದು ಅಸಾಧ್ಯ, ಉಳಿದೆರಡರಲ್ಲಿ ಯಾವುದೆಂಬುದನ್ನು ಕಿರ್ದಿಯ ಬರವಣಿಗೆ ಮತ್ತು ಬೆಲೆಗಳೇ ಹೇಳುತ್ತವೆ. ಆದ್ದರಿಂದ ಇಂಥ ಯಂತ್ರವನ್ನು ಗುಜರಿಗೆ ಹಾಕುವವರು ಅಥವಾ ಹೊಸ ಬಣ್ಣ ಬಳಿಸುವವರು ಮೊದಲು ಅದರ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ಖಾನೆಯೊಳಗಿನ ಕಾಗದವನ್ನು ಎಸೆಯಬಾರದು.