ಆನೆಗೊಂದಿಯ ನಡುಗಡ್ಡೆಗಳು

ಆನೆಗೊಂದಿಯ ನಡುಗಡ್ಡೆಗಳು ಕರ್ನಾಟಕದ ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಆನೆಗೊಂದಿ ಗ್ರಾಮದ ಪರಿಸರದಲ್ಲಿ ತುಂಗಭದ್ರಾ ನದಿಯ ಹರಿವಿನ ನಡುವೆ ಇರುವ ಭೂಭಾಗಗಳು. ಇವುಗಳಲ್ಲಿ ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿರುವ ನವವೃಂದಾವನ ಮತ್ತು ಹಂಪಿಯ ಎದುರು ದಡದಲ್ಲಿರುವ ವಿರೂಪಾಪುರ ಗಡ್ಡಿ ಪ್ರಮುಖವಾದವು. ಈ ಭಾಗದ ಆಡುಮಾತಿನಲ್ಲಿ ನಡುಗಡ್ಡೆಗೆ ‘ಗಡ್ಡಿ’ ಎನ್ನುತ್ತಾರೆ. ಮೊದಲನೆಯದು ಯಾತ್ರಾಸ್ಥಳವಾಗಿ, ಎರಡನೆಯದು ವಿದೇಶಿ ಪ್ರವಾಸಿಗರ ತಂಗುದಾಣವಾಗಿ ಹೆಸರಾದವು. ಹೀಗಾಗಿ ಪರಂಪರೆಯ ರಕ್ಷಣೆ, ಸ್ಥಳೀಯರ ಜೀವನೋಪಾಯ ಹಾಗೂ ಪ್ರವಾಸೋದ್ಯಮ ಈ ಮೂರರ ನಡುವಿನ ತಿಕ್ಕಾಟ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಭೌಗೋಳಿಕ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಸೇರಿ ಉಂಟಾದ ತುಂಗಭದ್ರೆಯು ಹೊಸಪೇಟೆ ಸಮೀಪದ ಜಲಾಶಯವನ್ನು ದಾಟಿದ ಬಳಿಕ ಕಲ್ಲುಗುಡ್ಡಗಳ ಇಕ್ಕಟ್ಟಿನಲ್ಲಿ ಹರಿಯುತ್ತದೆ. ಬಂಡೆಗಳಿಗೆ ಬಡಿದು ನದಿ ಹಲವು ಕವಲುಗಳಾಗಿ ಒಡೆಯುವುದರಿಂದ ಇಲ್ಲಿ ಸಣ್ಣ ದೊಡ್ಡ ನಡುಗಡ್ಡೆಗಳು ನಿರ್ಮಾಣವಾಗಿವೆ. ಸುತ್ತಲಿನ ಗ್ರಾನೈಟ್ ಶಿಲೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಬಿಸಿಲು, ಮಳೆ ಮತ್ತು ಗಾಳಿಯ ಸವೆತದಿಂದ ಅವು ಬಿರುಕು ಬಿಟ್ಟು, ಅಂಚುಗಳು ದುಂಡಗಾಗಿ, ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುತ್ತವೆ.

ನದಿಯ ದಕ್ಷಿಣದ ಹಂಪಿಯು ವಿಜಯನಗರ ಜಿಲ್ಲೆಗೂ ಉತ್ತರದ ಆನೆಗೊಂದಿಯು ಕೊಪ್ಪಳ ಜಿಲ್ಲೆಗೂ ಸೇರಿವೆ. ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಪ್ರತ್ಯೇಕವಾಯಿತು. ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು 2021ರಲ್ಲಿ ರಚಿಸಲಾಯಿತು. ವಿಜಯನಗರದ ಕಾಲದ ಕಾಲುವೆಗಳು ಮತ್ತು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಸೀಮೆ ‘ಭತ್ತದ ಕಣಜ’ ಎನಿಸಿದೆ. ಆದ್ದರಿಂದ ಬೋಳುಬಂಡೆಯ ಗುಡ್ಡ, ಅದರ ಬುಡದಲ್ಲಿ ಹಸಿರು ಗದ್ದೆ, ಬಾಳೆ ಮತ್ತು ತೆಂಗಿನ ತೋಟ ಇವು ಒಂದೇ ನೋಟಕ್ಕೆ ಸಿಗುತ್ತವೆ.

ಇತಿಹಾಸ

ರಾಮಾಯಣದ ಕಿಷ್ಕಿಂಧೆ ಇದೇ ಪ್ರದೇಶವೆಂಬುದು ಜನರ ನಂಬಿಕೆ. ಅಂಜನಾದ್ರಿ ಬೆಟ್ಟ, ಪಂಪಾ ಸರೋವರ, ಚಿಂತಾಮಣಿ ಮುಂತಾದ ಸ್ಥಳಗಳು ಈ ಕಥೆಯೊಂದಿಗೆ ಹೆಣೆದುಕೊಂಡಿವೆ. ಗಂಗಾವತಿಯ ಪಶ್ಚಿಮಕ್ಕಿರುವ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಜನರು ಅವನ್ನು ‘ಮೋರೇರ ಮನೆಗಳು’ ಎಂದು ಕರೆಯುತ್ತಾರೆ.

ವಿಜಯನಗರ ಸಾಮ್ರಾಜ್ಯದ ಸ್ಥಾಪನೆಗೆ ಮೊದಲೇ ಆನೆಗೊಂದಿ ಕೋಟೆಯೂರಾಗಿತ್ತು. 1336ರಲ್ಲಿ ಸ್ಥಾಪನೆಗೊಂಡ ಸಾಮ್ರಾಜ್ಯದ ರಾಜಧಾನಿ ಬಳಿಕ ನದಿಯ ದಕ್ಷಿಣ ದಡದಲ್ಲಿ ಬೆಳೆಯಿತು. ಆನೆಗೊಂದಿ ಉತ್ತರದ ಹೆಬ್ಬಾಗಿಲಾಗಿ ಉಳಿಯಿತು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನರು ನದಿ ದಾಟುವುದನ್ನು ವರ್ಣಿಸಿದ್ದಾನೆ. 1565ರ ಯುದ್ಧದ ನಂತರ ರಾಜಧಾನಿ ಹಾಳಾದರೂ ಆನೆಗೊಂದಿ ಜನವಸತಿಯ ಊರಾಗಿಯೇ ಮುಂದುವರಿಯಿತು.

ನವವೃಂದಾವನ

ಆನೆಗೊಂದಿಯ ನದಿ ಘಟ್ಟದಿಂದ ದೋಣಿಯಲ್ಲಿ ಹೋಗಬೇಕಾದ ಈ ನಡುಗಡ್ಡೆಯು ಮಾಧ್ವ ಪರಂಪರೆಯ ಅತ್ಯಂತ ಪವಿತ್ರ ಕ್ಷೇತ್ರಗಳಲ್ಲಿ ಒಂದು. ಯತಿಗಳ ಸಮಾಧಿಯ ಮೇಲೆ ಕಟ್ಟುವ ಶಿಲಾರಚನೆಗೆ ವೃಂದಾವನವೆಂದು ಹೆಸರು. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು, ಕೃಷ್ಣದೇವರಾಯನಿಂದ ಗೌರವ ಪಡೆದ ವ್ಯಾಸರಾಜರು, ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಗುರುಗಳಾದ ಸುಧೀಂದ್ರತೀರ್ಥರು, ಹಾಗೂ ಕವೀಂದ್ರತೀರ್ಥ, ವಾಗೀಶತೀರ್ಥ, ಶ್ರೀನಿವಾಸತೀರ್ಥ, ರಾಮತೀರ್ಥ, ಗೋವಿಂದ ಒಡೆಯರ ವೃಂದಾವನಗಳು ಇಲ್ಲಿವೆ. ಇನ್ನೊಂದು ವೃಂದಾವನವು ರಘುವರ್ಯತೀರ್ಥರದೆಂದು ಒಂದು ಪರಂಪರೆಯೂ ಜಯತೀರ್ಥರದೆಂದು ಮತ್ತೊಂದು ಪರಂಪರೆಯೂ ಹೇಳುತ್ತವೆ. ಪೂಜೆಯ ಹಕ್ಕಿನ ಕುರಿತು ಮಠಗಳ ನಡುವಿನ ವಿವಾದ ನ್ಯಾಯಾಲಯದ ಮೆಟ್ಟಿಲೇರಿದೆ.

1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಜರದು ನಡುವೆ ಇದ್ದು, ಉಳಿದವು ಅದರ ಸುತ್ತ ಇವೆ. ಪುರಂದರದಾಸರು ಮತ್ತು ಕನಕದಾಸರು ವ್ಯಾಸರಾಜರ ಶಿಷ್ಯರೆಂದು ಪ್ರಸಿದ್ಧರು. ಆದ್ದರಿಂದ ಕನ್ನಡ ದಾಸಸಾಹಿತ್ಯದ ಓದುಗರಿಗೂ ಇದು ಮಹತ್ತ್ವದ ಸ್ಥಳ. ನಡುಗಡ್ಡೆಯಲ್ಲಿ ರಂಗನಾಥ ಮತ್ತು ಆಂಜನೇಯರ ಗುಡಿಗಳೂ ಇವೆ. ಕಾರ್ತಿಕ ಬಹುಳ ಚತುರ್ದಶಿಯಂದು ಪದ್ಮನಾಭತೀರ್ಥರ, ಫಾಲ್ಗುಣ ಬಹುಳ ಬಿದಿಗೆಯಂದು ಸುಧೀಂದ್ರತೀರ್ಥರ ಮತ್ತು ಚೌತಿಯಂದು ವ್ಯಾಸರಾಜರ ಆರಾಧನೆಗಳು ನಡೆಯುತ್ತವೆ.

2019ರ ಜುಲೈ ತಿಂಗಳಲ್ಲಿ ನಿಧಿಯಾಸೆಯಿಂದ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ಒಡೆದು ಹಾಕಿದರು. ಸುದ್ದಿ ತಿಳಿದು ಮಠಾಧೀಶರು ಮತ್ತು ಭಕ್ತರು ಸ್ಥಳಕ್ಕೆ ಧಾವಿಸಿದರು. ಕಲ್ಲುಗಳನ್ನು ಮತ್ತೆ ಜೋಡಿಸಿ ವೃಂದಾವನವನ್ನು ಪುನರ್ನಿರ್ಮಿಸಲಾಯಿತು; ಪೊಲೀಸರು ಆರೋಪಿಗಳನ್ನು ಬಂಧಿಸಿದರು. ರಾತ್ರಿ ಜನಸಂಚಾರವಿಲ್ಲದ ನಡುಗಡ್ಡೆಯ ಸ್ಮಾರಕಗಳಿಗೆ ಕಾವಲಿನ ಅಗತ್ಯವನ್ನು ಈ ಘಟನೆ ಎತ್ತಿ ತೋರಿಸಿತು.

ವಿರೂಪಾಪುರ ಗಡ್ಡಿ

ಹಂಪಿಯ ವಿರೂಪಾಕ್ಷ ದೇವಾಲಯದ ಸಮೀಪದ ಘಟ್ಟದಿಂದ ದೋಣಿ ದಾಟಿದರೆ ಸಿಗುವ ಈ ಗಡ್ಡಿಯು ಮೂಲತಃ ಗದ್ದೆಗಳ ಪ್ರದೇಶ. ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ವಿಜಯನಗರ ಕಾಲದ ಮೇಲ್ಗಾಲುವೆಯ ಅವಶೇಷ ಇಲ್ಲಿದೆ. ಕ್ರಮೇಣ ಇಲ್ಲಿ ಅತಿಥಿಗೃಹಗಳು, ಉಪಾಹಾರ ಮಂದಿರಗಳು ಮತ್ತು ರೆಸಾರ್ಟುಗಳು ತಲೆಯೆತ್ತಿದವು. ವಿದೇಶಿಯರ ನಡುವೆ ಈ ಸ್ಥಳಕ್ಕೆ ‘ಹಿಪ್ಪಿ ದ್ವೀಪ’ ಎಂಬ ಹೆಸರು ಬಂದಿತು.

ಹಂಪಿಯ ಸ್ಮಾರಕ ಸಮುಚ್ಚಯವು 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೇತುವೆ ನಿರ್ಮಾಣದ ಕಾರಣದಿಂದ 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ, 2006ರಲ್ಲಿ ತೆಗೆಯಲಾಯಿತು. ಆನೆಗೊಂದಿ ಮತ್ತು ತಳವಾರಘಟ್ಟಗಳ ನಡುವಿನ ಆ ಸೇತುವೆ ನಿರ್ಮಾಣ ಹಂತದಲ್ಲಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಮೃತಪಟ್ಟರು.

ವಿರೂಪಾಪುರ ಗಡ್ಡಿಯು 1988ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಸಂರಕ್ಷಣಾ ಅಧಿಸೂಚನೆಯ ವ್ಯಾಪ್ತಿಯಲ್ಲಿದೆ ಎಂಬ ಆಧಾರದ ಮೇಲೆ ಅಲ್ಲಿನ ಕಟ್ಟಡಗಳನ್ನು ತೆರವುಗೊಳಿಸಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಮುಂದಾಯಿತು. ಕಟ್ಟಡಗಳ ಮಾಲೀಕರು ಇದನ್ನು ಪ್ರಶ್ನಿಸಿದರು. 2015ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಪ್ರಾಧಿಕಾರದ ಪರವಾಗಿ ತೀರ್ಪು ನೀಡಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳು ಕಟ್ಟಡಗಳ ತೆರವು ನಡೆಯಿತು. ಸ್ಮಾರಕ ವಲಯದ ಭೂದೃಶ್ಯ ಉಳಿಯಬೇಕೆಂಬ ಉದ್ದೇಶ ಇದರಿಂದ ಈಡೇರಿತಾದರೂ, ಅಡುಗೆಯವರು, ದೋಣಿಯವರು, ಆಟೊ ಚಾಲಕರು ಮತ್ತು ಕೊಠಡಿ ಬಾಡಿಗೆಯನ್ನೇ ನಂಬಿದ್ದ ಕುಟುಂಬಗಳು ಆದಾಯ ಕಳೆದುಕೊಂಡವು. ಅದರ ಬೆನ್ನಿಗೇ ಬಂದ ಕೋವಿಡ್ ಸಾಂಕ್ರಾಮಿಕವು ಈ ನಷ್ಟವನ್ನು ಹೆಚ್ಚಿಸಿತು. ವಸತಿ ವ್ಯವಹಾರ ಈಗ ಹೆಚ್ಚಾಗಿ ಸಣಾಪುರ, ಆನೆಗೊಂದಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿದೆ.

ಹರಿಗೋಲು

ಬಿದಿರಿನ ಸೀಳುಗಳನ್ನು ಹೆಣೆದು ಮಾಡುವ ದುಂಡನೆಯ ದೋಣಿಯೇ ಹರಿಗೋಲು. ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಳಸುತ್ತಾರೆ. ತಳ ಚಪ್ಪಟೆಯಾಗಿರುವುದರಿಂದ ಬಂಡೆಗಳ ನಡುವಿನ ಕಡಿಮೆ ನೀರಿನಲ್ಲೂ ಅದು ಸಾಗುತ್ತದೆ. ಆದರೆ ಅದಕ್ಕೆ ಮುಂದು-ಹಿಂದು ಎಂಬುದಿಲ್ಲ. ಆದ್ದರಿಂದ ರಭಸದ ಹರಿವಿನಲ್ಲಿ ಅದನ್ನು ಹತೋಟಿಯಲ್ಲಿಡುವುದು ನುರಿತ ಅಂಬಿಗನಿಗೂ ಕಷ್ಟ.

ಜೀವಸಂಪತ್ತು

ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆನೆಗೊಂದಿಯ ನಡುಗಡ್ಡೆಗಳು ಈ ವ್ಯಾಪ್ತಿಯಲ್ಲೇ ಬರುತ್ತವೆ. ನೀರುನಾಯಿಗಳು ಗುಂಪಾಗಿ ಮೀನು ಬೇಟೆಯಾಡುತ್ತವೆ. ದಡದ ಪೊದೆ ಮತ್ತು ಬಂಡೆಯ ಸಂದುಗಳಲ್ಲಿ ಮರಿ ಮಾಡುತ್ತವೆ. ಮರಳು ಸಾಗಣೆ, ಸಿಡಿಮದ್ದು ಬಳಸಿ ಮೀನು ಹಿಡಿಯುವುದು ಮತ್ತು ದಡದ ಒತ್ತುವರಿ ಇವು ಅವುಗಳಿಗೆ ಮಾರಕ. ನದಿಯಲ್ಲಿ ಮೊಸಳೆಗಳೂ ಇವೆ. ಕಲ್ಲುಗುಡ್ಡಗಳಲ್ಲಿ ಚಿರತೆ ಮತ್ತು ಕರಡಿ ವಾಸಿಸುತ್ತವೆ. ಅಪರೂಪದ ಹಳದಿ ಕೊರಳಿನ ಪಿಕಳಾರ ಪಕ್ಷಿಗೂ ಈ ಬಂಡೆ ಪ್ರದೇಶ ಆಸರೆಯಾಗಿದೆ.

ಪ್ರವಾಸ ಯೋಜನೆ

ಸೂಕ್ತ ಕಾಲ: ನವೆಂಬರ್‌ನಿಂದ ಫೆಬ್ರವರಿ ಅನುಕೂಲಕರ. ಮಾರ್ಚ್‌ನಿಂದ ಮೇ ವರೆಗೆ ಬಂಡೆಗಳು ಕಾದು ನಡುಹಗಲಿನ ಸಂಚಾರ ದುಸ್ತರವಾಗುತ್ತದೆ. ಮಳೆಗಾಲದಲ್ಲಿ ಸ್ಥಳೀಯವಾಗಿ ಮಳೆ ಇಲ್ಲದಿದ್ದರೂ ಮಲೆನಾಡಿನ ಮಳೆಯಿಂದ ಜಲಾಶಯ ತುಂಬಿ, ನೀರು ಬಿಟ್ಟಾಗ ನಡುಗಡ್ಡೆಗಳ ಸಂಪರ್ಕ ಕಡಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡಿಯಲ್ಲಿ ಸಿಲುಕಿದ್ದ ನೂರಾರು ಪ್ರವಾಸಿಗರನ್ನು ದೋಣಿ ಮತ್ತು ಹೆಲಿಕಾಪ್ಟರ್ ಮೂಲಕ ಪಾರುಮಾಡಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗಲೂ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಗಿತ್ತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಡುವ ಮುನ್ನ ಜಲಾಶಯದ ಹೊರಹರಿವನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ತಲುಪುವ ಬಗೆ: ಗಂಗಾವತಿಯಿಂದ ಆನೆಗೊಂದಿಗೆ ಬಸ್ಸು ಮತ್ತು ಆಟೊಗಳಿವೆ. ರೈಲಿನಲ್ಲಿ ಬರುವವರಿಗೆ ಗಂಗಾವತಿ, ಕೊಪ್ಪಳ ಮತ್ತು ಹೊಸಪೇಟೆ ನಿಲ್ದಾಣಗಳು ಅನುಕೂಲ. ನದಿಯ ಎರಡೂ ದಡಗಳನ್ನು ರಸ್ತೆಯ ಮೂಲಕ ನೋಡಬಯಸುವವರು ಕಡೇಬಾಗಿಲು–ಬುಕ್ಕಸಾಗರ ಸೇತುವೆಯನ್ನು ಬಳಸಬಹುದು. ಕುಷ್ಟಗಿ ಮತ್ತು ಯಲಬುರ್ಗಾ ಕಡೆಯಿಂದ ಬರುವವರು ಕೊಪ್ಪಳದ ಮೂಲಕ ಅಥವಾ ನೇರವಾಗಿ ಗಂಗಾವತಿಯ ಮೂಲಕ ತಲುಪಬಹುದು.

ಎರಡು ದಿನಗಳ ಕ್ರಮ: ಮೊದಲ ದಿನ ಮುಂಜಾನೆ ನವವೃಂದಾವನವನ್ನು ದರ್ಶಿಸಿ, ಬಿಸಿಲೇರುವ ಮೊದಲು ಆನೆಗೊಂದಿಗೆ ಮರಳುವುದು ಒಳ್ಳೆಯದು. ಅನಂತರ ಗಗನ ಮಹಲು, ರಂಗನಾಥ ದೇವಾಲಯ, ನುಣುಪು ಕಂಬಗಳ ಹುಚ್ಚಪ್ಪಯ್ಯನ ಮಠ ಮತ್ತು ಬಾಳೆನಾರಿನ ಕರಕುಶಲ ಕೇಂದ್ರವನ್ನು ನೋಡಬಹುದು. ಇಳಿಹೊತ್ತಿನಲ್ಲಿ ಸುಮಾರು 575 ಮೆಟ್ಟಿಲುಗಳ ಅಂಜನಾದ್ರಿಯನ್ನು ಏರಿದರೆ ನದಿಯ ಕವಲುಗಳೂ ಗಡ್ಡಿಗಳೂ ನಕಾಶೆಯಂತೆ ಕಾಣುತ್ತವೆ. ಎರಡನೆಯ ದಿನ ಬೆಳಿಗ್ಗೆ ಹಿರೇಬೆಣಕಲ್ಲಿನ ಗುಡ್ಡಕ್ಕೆ ಸ್ಥಳೀಯ ಮಾರ್ಗದರ್ಶಕರೊಡನೆ ಹೋಗಬಹುದು. ಇನ್ನೊಂದು ದಿನ ಲಭ್ಯವಿದ್ದರೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು, ಕಿನ್ನಾಳದ ಗೊಂಬೆ ಕಲೆ ಹಾಗೂ 1112ರಲ್ಲಿ ನಿರ್ಮಾಣವಾದ ಇಟಗಿಯ ಮಹಾದೇವ ದೇವಾಲಯವನ್ನು ಸೇರಿಸಿಕೊಳ್ಳಬಹುದು.

ಸುರಕ್ಷತೆ ಮತ್ತು ನಡವಳಿಕೆ: ಜೀವರಕ್ಷಕ ಜಾಕೆಟ್ ಇಲ್ಲದೆ ದೋಣಿ ಏರಬಾರದು. ಕಿಕ್ಕಿರಿದ ದೋಣಿಯಲ್ಲಿ ಹೋಗುವುದಕ್ಕಿಂತ ಮುಂದಿನದಕ್ಕೆ ಕಾಯುವುದು ಲೇಸು. ಕೊನೆಯ ದೋಣಿಯ ವೇಳೆಯನ್ನು ಮೊದಲೇ ಕೇಳಿಕೊಳ್ಳಬೇಕು. ಬಂಡೆಗಳ ಅಡಿಯ ಸೆಳವು ಮೇಲಿನಿಂದ ಕಾಣುವುದಿಲ್ಲ. ಸಣಾಪುರದ ಬಳಿ ನದಿಗೆ ಧುಮುಕಿದವರು ಪ್ರಾಣ ಕಳೆದುಕೊಂಡದ್ದುಂಟು. 2025ರ ಮಾರ್ಚ್‌ನಲ್ಲಿ ಅದೇ ಊರಿನ ಸಮೀಪ ರಾತ್ರಿ ಪ್ರವಾಸಿಗರ ಮೇಲೆ ಘೋರ ದೌರ್ಜನ್ಯ ನಡೆದು ಒಬ್ಬರು ಮೃತಪಟ್ಟ ಕಾರಣ, ಕತ್ತಲಾದ ಮೇಲೆ ನಿರ್ಜನ ಕಾಲುವೆ ದಂಡೆಗಳಲ್ಲಿ ಇರದಿರುವುದು ಸೂಕ್ತ. ನವವೃಂದಾವನದಲ್ಲಿ ವೃಂದಾವನಗಳನ್ನು ಮುಟ್ಟದೆ, ಗುರುತಿಸಿದ ಗೆರೆಯ ಹೊರಗಿನಿಂದಲೇ ಪ್ರದಕ್ಷಿಣೆ ಮಾಡುವುದು ಮತ್ತು ಮೌನ ಪಾಲಿಸುವುದು ರೂಢಿ. ಕಸವನ್ನು ಗಡ್ಡಿಯಲ್ಲಿ ಬಿಡದೆ ಮರಳಿ ತರಬೇಕು.

ಇತರ ದ್ವೀಪಗಳೊಂದಿಗೆ ಹೋಲಿಕೆ

ನಿಸರ್ಗ ಮತ್ತು ಸಂಸ್ಕೃತಿ ಒಂದೇ ದ್ವೀಪದಲ್ಲಿ ಕೂಡಿರುವ ತಾಣಗಳಿಗೆ ಜಪಾನಿನ ಮಿಯಾಜಿಮಾ ಉತ್ತಮ ಉದಾಹರಣೆ. ಸಮುದ್ರದ ನೀರಿನಲ್ಲಿ ನಿಂತ ಹೆಬ್ಬಾಗಿಲಿನಿಂದ ಪ್ರಸಿದ್ಧವಾದ ಅಲ್ಲಿನ ಇತ್ಸುಕುಶಿಮಾ ದೇಗುಲವು 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೇಗುಲದ ಹಿಂದಿನ ಮಿಸೆನ್ ಬೆಟ್ಟದ ಕಾಡನ್ನೂ ಅದರೊಂದಿಗೇ ಕಾಪಾಡಲಾಗಿದೆ. 2023ರ ಅಕ್ಟೋಬರ್‌ನಿಂದ ದ್ವೀಪಕ್ಕೆ ಬರುವ ಪ್ರವಾಸಿಗರಿಂದ ತಲಾ 100 ಯೆನ್ ತೆರಿಗೆ ಪಡೆಯಲಾಗುತ್ತಿದೆ. ಮಿಯಾಜಿಮಾದಲ್ಲಿ ಊರು, ಅಂಗಡಿ ಮತ್ತು ವಸತಿಗೃಹಗಳು ನಿಯಮಗಳಿಗೆ ಒಳಪಟ್ಟು ದೇಗುಲದೊಂದಿಗೇ ಉಳಿದಿವೆ. ವಿರೂಪಾಪುರ ಗಡ್ಡಿಯಲ್ಲಿ ಕಟ್ಟಡಗಳು ಎದ್ದು ನಿಂತ ಬಳಿಕ ತೆರವಿನ ಕ್ರಮ ಜರುಗಿತು. ಜನವಸತಿಯ ಪರಂಪರೆ ತಾಣಗಳಲ್ಲಿ ನಿಯಮಗಳು ಮೊದಲೇ ಸ್ಪಷ್ಟವಾಗಿದ್ದರೆ ಸ್ಮಾರಕಕ್ಕೂ ಸ್ಥಳೀಯರಿಗೂ ಹಾನಿ ಕಡಿಮೆ ಎಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

ಇವನ್ನೂ ನೋಡಿ

ಆನೆಗೊಂದಿ
ಹಂಪಿ
ತುಂಗಭದ್ರಾ ನದಿ
ವ್ಯಾಸರಾಜರು
ಹಿರೇಬೆಣಕಲ್
ಇಟಗಿ ಮಹಾದೇವ ದೇವಾಲಯ