ಹೆರಾಲ್ಡ್‌ನ ಎಲುಬು, ಸ್ಪಿಟ್‌ಫೈರ್‌ನ ಮೈ

ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹಳೆಯ ಸ್ಪೋರ್ಟ್ಸ್ ಕಾರಿಗೆ ಇವತ್ತಿಗೂ ಬದಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಹೊಂದಿಸಬಹುದು. ಇದರ ಹಿಂದೆ 1953ರಲ್ಲಿ ಬಿದ್ದ ಒಂದು ವ್ಯಾಪಾರದ ಪೆಟ್ಟಿದೆ. ಇಂಗ್ಲೆಂಡಿನ ಕೊವೆಂಟ್ರಿಯ ಸ್ಟ್ಯಾಂಡರ್ಡ್ ಕಂಪನಿಗೆ ಕಾರಿನ ಮೈ ಒತ್ತಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು ಆ ವರ್ಷ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಹೊಸ ಕಾರಿಗೆ ಇಡೀ ಮೈಯನ್ನು ಒಂದಾಗಿ ಮಾಡಿಕೊಡುವವರೇ ಸಿಗಲಿಲ್ಲ. ಹಾಗಾಗಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್‌ಗೆ ಹಳೇ ಕಾಲದಂತೆ ಪ್ರತ್ಯೇಕ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಮೈಯ ತುಂಡುಗಳು. ವೆಂಡರ್ ಕೈಕೊಟ್ಟಾಗ ಡಿಸೈನನ್ನೇ ಬದಲಿಸುವ ಸಂಕಟ ನಮ್ಮ ಐಟಿ ಕಸುಬಿನವರಿಗೂ ಹೊಸದಲ್ಲ.

ಆ ಚಾಸಿಯನ್ನೇ ಗಿಡ್ಡ ಮಾಡಿ ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಎರಡು ಸೀಟಿನ ಕಾರೊಂದನ್ನು ರೂಪಿಸಿದ. ಕಂಪನಿಯಲ್ಲಿ ದುಡ್ಡಿಲ್ಲದೆ ಅದು ಮೂಲೆ ಸೇರಿತು. 1961ರಲ್ಲಿ ಲೇಲ್ಯಾಂಡ್ ಕಂಪನಿಯ ಕೈಗೆ ಎಲ್ಲವೂ ಹೋದಾಗ, ಹೊಸ ಯಜಮಾನರು ಹೊದಿಕೆಯ ಕೆಳಗಿದ್ದ ಅದನ್ನು ಕಂಡು ಹಸಿರು ನಿಶಾನೆ ತೋರಿಸಿದರು ಎಂಬುದು ಟ್ರಯಂಫ್ ಅಭಿಮಾನಿಗಳು ಹೇಳಿ ದಣಿಯದ ಕಥೆ. 1962ರ ಅಕ್ಟೋಬರಿನಲ್ಲಿ ಲಂಡನ್ ಪ್ರದರ್ಶನದಲ್ಲಿ ಬಂದ ಸ್ಪಿಟ್‌ಫೈರ್ 1980ರವರೆಗೆ ನಡೆಯಿತು. 3 ಲಕ್ಷಕ್ಕೂ ಹೆಚ್ಚು ಕಾರುಗಳು.

ಬಿಡಿಭಾಗ ಹುಡುಕುವವನಿಗೆ ಈ ಬಡತನವೇ ವರ. ಎಂಜಿನ್ 1,147 ಸಿಸಿಯಿಂದ 1,296ಕ್ಕೆ, ಆಮೇಲೆ 1,493ಕ್ಕೆ ಬೆಳೆದರೂ ವಂಶ ಒಂದೇ. ಹಿಂದಿನ ಡಿಫರೆನ್ಷಿಯಲ್ಲೂ ಹಾಗೆಯೇ. ಮೊದಲ ಕಾರುಗಳಲ್ಲಿ ಅದರ ಅನುಪಾತ 4.11, ಅಂದರೆ ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ 4.11 ಸುತ್ತಬೇಕು. 1970ರ ಮಾರ್ಕ್ 4ರಲ್ಲಿ ಅದು 3.89, ಕೊನೆಯ 1500ರಲ್ಲಿ 3.63. ಹಳೇ ಕಾರಿಗೆ 3.63 ಕೂರಿಸಿದರೆ, 4,000 ಸುತ್ತಿನಲ್ಲಿ ಕಿರುಚುತ್ತಿದ್ದ ಎಂಜಿನ್ ಅದೇ ವೇಗಕ್ಕೆ ಸುಮಾರು 3,530ರಲ್ಲಿ ಆರಾಮಾಗಿರುತ್ತದೆ. ಆದರೆ 1,147ರ ಸಣ್ಣ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ. ಇನ್ನೊಂದು ಎಡವಟ್ಟನ್ನು ಬಹಳ ಜನ ಮರೆಯುತ್ತಾರೆ. ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿಗೆ ಅಂಟಿಕೊಂಡಿದೆ, ಚಕ್ರಕ್ಕಲ್ಲ. ಡಿಫರೆನ್ಷಿಯಲ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತಾ ಕೂರುತ್ತದೆ.

ಗೇರ್‌ಬಾಕ್ಸಿನ ಕಥೆ ಬೇರೆ. ಮೊದಲ ಗೇರಿಗೆ ಸಿಂಕ್ರೋ ಬಂದದ್ದೇ ಮಾರ್ಕ್ 4ರಲ್ಲಿ. ಐದನೇ ಗೇರಂತೂ ಕೊನೆಯವರೆಗೂ ಬರಲಿಲ್ಲ. ಬೇಕಾದವರು ದುಡ್ಡು ಕೊಟ್ಟು ಓವರ್‌ಡ್ರೈವ್ ಹಾಕಿಸಿಕೊಳ್ಳಬೇಕಿತ್ತು. ಆದ್ದರಿಂದ ಎಷ್ಟೋ ಜನ ಫೋರ್ಡ್ ಸಿಯೆರಾದ ಟೈಪ್ 9 ಐದು ಗೇರಿನ ಪೆಟ್ಟಿಗೆಯನ್ನು ತಂದು ಜೋಡಿಸುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ, ನಡುವೆ ಅಡಾಪ್ಟರ್ ಬೇಕಾಗುತ್ತದೆ. ಆದರೆ ಸ್ಪಿಟ್‌ಫೈರ್‌ನಲ್ಲಿ ಗೇರ್‌ಬಾಕ್ಸ್ ಹೊರಬರುವುದೇ ಕಾರಿನ ಒಳಗಿಂದ, ಸೀಟುಗಳ ನಡುವಿನ ಮುಚ್ಚಳ ತೆಗೆದರೆ ಸಾಕು. ಹಳೆಯದನ್ನು ಮೂಟೆ ಕಟ್ಟಿಟ್ಟರೆ ನಾಳೆ ವಾಪಸು ಹಾಕಬಹುದು. ಬದಲಿ ಭಾಗದಲ್ಲಿ ನಾನು ನೋಡುವುದು ಇದನ್ನೇ. ಲೋಹ ಕತ್ತರಿಸಿ ಕೂರಿಸುವ ಮಾರ್ಪಾಡು ನನಗೆ ಒಪ್ಪಿಗೆಯಿಲ್ಲ.

ಇದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಗಿ ತಯಾರಾಯಿತು, 948 ಸಿಸಿ ಎಂಜಿನ್ನಿನೊಂದಿಗೆ. ಅದರ ಹಿಂದಿನ ಸ್ವಿಂಗ್ ಆಕ್ಸಲ್ ನಮ್ಮ ಮೆಕ್ಯಾನಿಕ್‌ಗಳಿಗೆ ಹಿಡಿಸಲಿಲ್ಲ. ಮುಂದೆ ಬಂದ ಗೆಜಲ್‌ನಲ್ಲಿ ಸಾದಾ ಗಟ್ಟಿ ಆಕ್ಸಲ್ ಹಾಕಿದರು. ಸ್ಪಿಟ್‌ಫೈರ್‌ಗೆ ಆ ಹಿಂಭಾಗ ಉಪಯೋಗಕ್ಕಿಲ್ಲ. ಕೊನೆಗೆ 1985ರಲ್ಲಿ ಅದೇ ಕಂಪನಿ ರೋವರ್‌ನ ಚೆಂದದ ಮೈಗೆ ವ್ಯಾನ್‌ಗಾರ್ಡ್ ಕಾಲದ ಎಂಜಿನ್ ಜೋಡಿಸಿ ‘ಸ್ಟ್ಯಾಂಡರ್ಡ್ 2000’ ಮಾಡಿತು. ಅದು ಮೂರೇ ವರ್ಷ ಬಾಳಿತು. ಅದೇ ಎಂಜಿನ್ನಿನ ವಂಶದ ಮೇಲೆ 1950ರ ದಶಕದಲ್ಲಿ ಟ್ರಯಂಫ್ ಟಿಆರ್2 ಎಂಬ ಸ್ಪೋರ್ಟ್ಸ್ ಕಾರು ಓಡಿತ್ತು.

ದಾವಣಗೆರೆಯಲ್ಲಿ ನನ್ನ ಸೋದರಮಾವನ ಹತ್ತಿರ ಒಂದು ಹೆರಾಲ್ಡ್ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಗುಜರಿಯವನು ಬಂದು ಅದನ್ನು ತೂಕದ ಲೆಕ್ಕದಲ್ಲಿ ಒಯ್ದ, ಗೇರ್‌ಬಾಕ್ಸ್ ಸಮೇತ. ಚೆನ್ನೈಗೆ ಬಂದ ಮೇಲೆ ಪೆರುಂಗಳತ್ತೂರು ದಾಟುವಾಗಲೆಲ್ಲ, ಅದು ಇಲ್ಲೇ ಹುಟ್ಟಿದ ಕಾರು ಎಂದು ಮಗನಿಗೆ ತೋರಿಸುತ್ತೇನೆ. ಅವನು ಫೋನಿನಿಂದ ತಲೆ ಎತ್ತುವಷ್ಟರಲ್ಲಿ ವಂಡಲೂರು ಬಂದಿರುತ್ತದೆ.