ಕಡಲ ತಳದ ಕಲ್ಲು ಮತ್ತು ಮಾನ್ಯಖೇಟದ ಪರಂಪರೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪರಿಸರವು ಜೈನ ಇತಿಹಾಸದಲ್ಲಿ ಮಾನ್ಯಖೇಟದ ನಾಡೆಂದು ಪ್ರಸಿದ್ಧವಾಗಿದೆ. ಆ ಇತಿಹಾಸವನ್ನು ಹೊತ್ತು ನಿಂತ ನೆಲದ ಚರಿತ್ರೆಯಾದರೋ ಅದಕ್ಕಿಂತ ಬಹು ಪುರಾತನವಾದುದು. ಇಂದು ಬಿರುಬಿಸಿಲಿಗೆ ಹೆಸರಾದ ಈ ಪ್ರದೇಶವು ಒಂದು ಕಾಲಕ್ಕೆ ಕಡಲಿನ ತಳವಾಗಿತ್ತು.

ಪ್ರಾಣಿಸಂಕುಲವು ಇನ್ನೂ ನೆಲವನ್ನೇರದಿದ್ದ ಆ ಯುಗದಲ್ಲಿ ಕಡಲ ನೀರಿನೊಳಗಿನ ಸುಣ್ಣದ ಅಂಶವು ಪದರಪದರವಾಗಿ ತಳಕ್ಕಿಳಿದು, ಗಟ್ಟಿಗೊಂಡು ಕಲ್ಲಾಯಿತು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹದಲ್ಲಿ ಎಣಿಸುವ ಈ ಕಲ್ಲೇ ಜನರ ಮಾತಿನ ಶಹಾಬಾದ ಪರಸಿ. ಅದು ಚಪ್ಪಟೆಯಾಗಿ ಸೀಳಿ ಬರುವುದಕ್ಕೆ ಆ ಪದರಗಳೇ ಕಾರಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಲಾವಾರಸವು ಹರಿದು ಅದರ ಮೇಲೆ ಹೊದಿಕೆಯಾಯಿತು. ಚಿಂಚೋಳಿಯ ಕಡೆಯ ಕರಿಕಲ್ಲು ಆ ಹೊದಿಕೆಯ ಉಳಿಕೆ. ಶಹಾಬಾದ, ವಾಡಿ, ಸೇಡಂಗಳ ಕಡೆ ಕಡಲ ತಳವೇ ಬಯಲಾಗಿದೆ.

ಈ ಕಲ್ಲೇ ಮುಂದೆ ಧರ್ಮಕ್ಕೂ ಕಲೆಗೂ ಆಧಾರವಾಯಿತು. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳು ಸುಣ್ಣಕಲ್ಲಿನವು. ಅಶೋಕನ ಹೆಸರು ಕೊರೆದ ಅವನ ಪ್ರತಿರೂಪವೂ ಅಲ್ಲಿಯೇ ದೊರೆತಿದೆ. ಕಾಗಿಣಾ ತೀರದ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ನೃಪತುಂಗ ಅಮೋಘವರ್ಷನ ರಾಜಧಾನಿ. ಜಿನಸೇನಾಚಾರ್ಯರು ಆತನಿಗೆ ಪೂಜ್ಯರಾಗಿದ್ದರು. ಪುಷ್ಪದಂತ ಕವಿಯು ಅಪಭ್ರಂಶದ ಮಹಾಪುರಾಣವನ್ನು 965ರಲ್ಲಿ ಪೂರ್ಣಗೊಳಿಸಿದ್ದೂ ಇಲ್ಲಿಯೇ. ಏಳೇ ವರ್ಷಗಳಲ್ಲಿ, 972ರಲ್ಲಿ, ಪರಮಾರ ಸೀಯಕನು ಆ ನಗರವನ್ನು ಸೂರೆಮಾಡಿದನು. ರಾಜಧಾನಿಯ ವೈಭವ ಮಣ್ಣುಪಾಲಾದರೂ ಧರ್ಮ ಅಳಿಯಲಿಲ್ಲವೆಂಬುದಕ್ಕೆ ಮಳಖೇಡದ ನೇಮಿನಾಥ ಬಸದಿಯೂ, ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ಸೇಡಂ ಮೊದಲಾದ ಊರುಗಳ ಜೈನ ಶಾಸನಗಳೂ ಸಾಕ್ಷಿ.

ನೆಲ ಮುಚ್ಚಿಟ್ಟದ್ದು ಎಲ್ಲಿ ಹೊರಬಂದೀತೆಂದು ಹೇಳಲಾಗದು. 1986ರಲ್ಲಿ ಸನ್ನತಿಯ ಕಾಳಿಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಬಂಡೆಯೇ ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ಶತಮಾನಗಳ ಕಾಲ ಪೂಜೆ ನಡೆದಿದ್ದರೂ ಅಡಿಯ ಅಕ್ಷರವನ್ನು ಯಾರೂ ಓದಿರಲಿಲ್ಲ!

ಇಂದು ಸಿಮೆಂಟಿಗಾಗಿ, ಹಾಸುಗಲ್ಲಿಗಾಗಿ ಈ ಕಡಲ ತಳವನ್ನು ಅಗೆಯಲಾಗುತ್ತಿದೆ. ಬಾಳುವೆಗೆ ಅದು ಬೇಕು, ನಿಜ. ಆದರೆ ಒಮ್ಮೆ ಒಡೆದ ಶಾಸನ ಮತ್ತೆ ಕೂಡಿಬಾರದು. ಆದಕಾರಣ ಬಸದಿಗಳ ಜೀರ್ಣೋದ್ಧಾರಕ್ಕೆ ಕೈಹಾಕುವಾಗ ಹಳೆಯ ಹಾಸುಗಲ್ಲನ್ನು, ಪೀಠವನ್ನು, ಮೆಟ್ಟಿಲನ್ನು ತಿರುವಿ ನೋಡಿ, ಅಕ್ಷರ ಕಂಡಲ್ಲಿ ಬಲ್ಲವರಿಗೆ ತಿಳಿಸಿ, ಸುರಕ್ಷಿತವಾಗಿ ಇರಿಸಬೇಕು. ಹೊಸ ಬಿಂಬದ ಪ್ರತಿಷ್ಠೆಯಷ್ಟೇ ಹಳೆಯ ಕಲ್ಲಿನ ರಕ್ಷಣೆಯೂ ಶ್ರಾವಕ ಸಮಾಜದ ಕರ್ತವ್ಯವಾಗಿದೆ.